ಏಟು ತಿಂದವನು ಬರೀ ಸಾಕ್ಷಿನಾ?

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಕೇಳ್ತಿರುವವರಿಗೆ ಬೇಲಿ ಜಗಳ ಹೊಸದೇನಲ್ಲ. ನಮ್ಮ ನೆಂಟರೊಬ್ಬರಿಗೆ ಅಂಥದೇ ಜಗಳದಲ್ಲಿ ಕತ್ತಿ ಏಟು ಬಿದ್ದಿತ್ತು. 2007ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ಸುದ್ದಿ ಇವರಿಗೆ ಗೊತ್ತಾಗಿದ್ದು ಹೋಟೆಲಲ್ಲಿ, ಕಾಫಿ ಕುಡಿಯುವಾಗ. 'ನಿಮಗೆ ಯಾರೂ ಹೇಳಲೇ ಇಲ್ವಾ?' ಅಂತ ಕೇಳಿದೆ. 'ನಾನು ಬರೀ ಸಾಕ್ಷಿಯಂತೆ ಮಾರಾಯ' ಅಂದರು.

ಕಾನೂನಿನ ಪ್ರಕಾರ ಅದು ನಿಜವೇ ಆಗಿತ್ತು. ಬ್ರಿಟಿಷರ ಕಾಲದಿಂದ ಅಪರಾಧ ಅಂದ್ರೆ ಸರ್ಕಾರದ ವಿರುದ್ಧದ ತಪ್ಪು. ವಾದಿಸೋದು ಸರ್ಕಾರಿ ಅಭಿಯೋಜಕರು. ನೀವು ಸ್ವಂತ ವಕೀಲರನ್ನಿಟ್ಟರೂ ಅವರು ಅಭಿಯೋಜಕರು ಹೇಳಿದ ಹಾಗೇ ನಡೀಬೇಕು. ಪೊಲೀಸ್ ಕೇಸಿನಲ್ಲಿ ಆರೋಪಿ ಬಿಡುಗಡೆಯಾದರೆ ಮೇಲ್ಮನವಿ ಹಾಕೋದೂ ಬಿಡೋದೂ ಸರ್ಕಾರದ ಇಷ್ಟ.

2009ರ ಡಿಸೆಂಬರ್ 31ರಂದು ಇದು ಬದಲಾಯ್ತು. ಅವತ್ತಿನಿಂದ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಕಾಗದದ ಮೇಲೆ!

ಬಾಗಲಕೋಟೆಯ ಮಲ್ಲಿಕಾರ್ಜುನ ಕೊಡಗಲಿ ಅವರ ಕತೆ ಕೇಳಿ. 2009ರ ಫೆಬ್ರವರಿಯಲ್ಲಿ ಅವರ ಮೇಲೆ ಹಲ್ಲೆಯಾಯ್ತು. 2013ರ ಅಕ್ಟೋಬರ್‌ನಲ್ಲಿ ಆರೋಪಿಗಳು ಖುಲಾಸೆ. ಅವರು ಹೈಕೋರ್ಟಿಗೆ ಹೋದರು. ಹಲ್ಲೆ ನಡೆದದ್ದು ಡಿಸೆಂಬರ್ 31ಕ್ಕಿಂತ ಮೊದಲು, ಹಾಗಾಗಿ ನಿಮಗೆ ಹಕ್ಕಿಲ್ಲ ಅಂತು ಕೋರ್ಟು. ಇನ್ನೊಂದು ಕಲಂ ಹಿಡಿದು ಮತ್ತೆ ಹೋದರು. ಅದು ಖಾಸಗಿ ದೂರುಗಳಿಗೆ ಮಾತ್ರ, ನಿಮ್ಮದು ಪೊಲೀಸ್ ಕೇಸು ಅಂತ ಅದೂ ವಾಪಸ್. ಎರಡೂ ಬಾಗಿಲು ಮುಚ್ಚಿದ್ವು, ಏಟು ಬಿದ್ದಿತ್ತಾ ಅನ್ನೋ ಪ್ರಶ್ನೆಗೆ ಯಾರೂ ಬರಲೇ ಇಲ್ಲ.

2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಲ್ಲೆಯ ದಿನ ಮುಖ್ಯ ಅಲ್ಲ, ಖುಲಾಸೆಯ ದಿನ ಮುಖ್ಯ. ಸಂತ್ರಸ್ತರು ಮೇಲ್ಮನವಿಗೆ ಮೊದಲು ಅನುಮತಿ ಬೇಡಬೇಕಾಗಿಲ್ಲ. ಈ ಎರಡನೇ ಮಾತನ್ನು ನ್ಯಾಯಮೂರ್ತಿ ದೀಪಕ್ ಗುಪ್ತ ಒಪ್ಪಲಿಲ್ಲ. ಲೋಕೂರ್ ಮತ್ತು ಅಬ್ದುಲ್ ನಜೀರ್ ಅವರದ್ದೇ ಬಹುಮತ. ಕೇಸು ವಿಚಾರಣೆಗೆ ಮತ್ತೆ ಹೈಕೋರ್ಟಿಗೆ ಹೋಯ್ತು. ಅಷ್ಟರಲ್ಲಿ ಕೊಡಗಲಿ ತೀರಿಕೊಂಡಿದ್ದರು. ತೀರ್ಪಿನ ಹೆಸರಲ್ಲೇ 'ಮೃತ' ಅಂತಿದೆ.

ಸರಿ, ಕೇಸು ಕೆಡಿಸಿದ ಅಭಿಯೋಜಕರನ್ನ ಕೇಳೋರ್ಯಾರು? ಗುಜರಾತಿನ ಕಿಶನ್‌ಭಾಯ್ ಪ್ರಕರಣದಲ್ಲಿ, 2014ರ ಜನವರಿಯಲ್ಲಿ, ಸುಪ್ರೀಂ ಕೋರ್ಟೇ ಹೇಳಿತು: ಪ್ರತಿ ಖುಲಾಸೆಯನ್ನೂ ಪರಿಶೀಲಿಸಿ, ನಿರ್ಲಕ್ಷ್ಯ ಮಾಡಿದ ತನಿಖಾಧಿಕಾರಿ, ಅಭಿಯೋಜಕರ ಮೇಲೆ ಇಲಾಖಾ ಕ್ರಮ ತಗೊಳ್ಳಿ. ಪರಿಶೀಲಿಸೋ ಸಮಿತಿಯಲ್ಲಿ ಯಾರು? ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಯ ಹಿರಿಯ ಅಧಿಕಾರಿಗಳೇ. ಏಟು ತಿಂದವನಿಗೆ ಅಲ್ಲಿ ಕುರ್ಚಿ ಇಲ್ಲ. ನನಗಂತೂ ಇದು ಸರಿ ಅನ್ಸಲ್ಲ.

2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಒಂದು ಹೆಜ್ಜೆ ಮುಂದಿದೆ: ಅಭಿಯೋಜಕರು ಕೇಸು ಹಿಂತೆಗೆಯೋ ಮೊದಲು ಕೋರ್ಟು ಸಂತ್ರಸ್ತರ ಮಾತು ಕೇಳಲೇಬೇಕು.

ನಮ್ಮ ನೆಂಟರಿಗೆ ಇದನ್ನೆಲ್ಲ ಹೇಳಿದೆ. ಖುಲಾಸೆಯಾಗಿದ್ದು 2007ರಲ್ಲಿ ಅಲ್ವಾ, ಹಾಗಾದರೆ ನಂಗೆ ಉಪಯೋಗ ಇಲ್ಲ ಅಂದರು. ಲೆಕ್ಕ ಸರಿಯಾಗೇ ಹಾಕಿದ್ದರು.