ಬೊಜ್ಜಿನ ಆಪರೇಷನ್, ಆಮೇಲಿನ ಮನಸ್ಸು: ಹಳೆಯ ಧಾರವಾಡ ಜಿಲ್ಲೆಯ ಹಿನ್ನೆಲೆಯಲ್ಲಿ

ಈಗಿನ ಹಾವೇರಿ ಜಿಲ್ಲೆಯ ಅಗಡಿ, ಬ್ಯಾಡಗಿ, ರಾಣೆಬೆನ್ನೂರು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಮನೋರೋಗದ ಚಿಕಿತ್ಸೆಗೂ ಈ ಸೀಮೆಯವರಿಗೆ ದೀರ್ಘಕಾಲ ಇದ್ದ ಸರ್ಕಾರಿ ಆಸರೆ ಧಾರವಾಡವೇ. ಬ್ರಿಟಿಷ್ ಆಡಳಿತ 1845ರಲ್ಲಿ ಅಲ್ಲಿ ಹುಚ್ಚಾಸ್ಪತ್ರೆ ತೆರೆಯಿತು. ಬೆಂಗಳೂರಿನಲ್ಲಿ ಅಂಥದೇ ಸಂಸ್ಥೆ ಆರಂಭವಾದದ್ದು ಅದೇ ಕಾಲದ ಆಸುಪಾಸಿನಲ್ಲೇ. ಅದು ಮುಂದೆ ಬೆಳೆದು 1974ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಆಯಿತು. 1858 ಮತ್ತು 1912ರ ಮನೋರೋಗ ಕಾಯ್ದೆಗಳು ರೋಗಿಯನ್ನು ಊರಿನಿಂದ ದೂರ ಇಡುವುದಕ್ಕೇ ಒತ್ತು ಕೊಟ್ಟವು. ದಾಖಲಾತಿಗೆ ಹೆಚ್ಚಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಹೀಗಾಗಿ ಧಾರವಾಡಕ್ಕೆ ಕರೆದೊಯ್ಯುವುದೆಂದರೆ ಮನೆತನಕ್ಕೇ ಕಳಂಕ ಎಂಬ ಅಂಜಿಕೆ ಹಳ್ಳಿಗಳಲ್ಲಿ ಬೇರೂರಿತು. ಸಣ್ಣಪುಟ್ಟ ಸಂಕಟ, ನಿದ್ದೆಗೇಡು, ಬೇಸರಗಳಿಗೆ ಮಠವೇ ಗತಿ. 20ನೇ ಶತಮಾನದ ಮೊದಲ ದಶಕದಲ್ಲಿ ಕಾದಂಬರಿಕಾರ ಗಳಗನಾಥರು ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದ ಅಗಡಿಯ ಆನಂದವನ ಅಂಥ ಸಮಾಧಾನದ ಹೆಸರಾಂತ ತಾಣವಾಗಿತ್ತು.

ಬೊಜ್ಜಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಇದಕ್ಕೆ ಸಂಬಂಧವೇ ಇಲ್ಲದ ದೂರದ ಲೋಕದಲ್ಲಿ. 1954ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರು ಸಣ್ಣಕರುಳಿನ ಬಹುಭಾಗವನ್ನು ಬದಿಗಿಟ್ಟು ಕರುಳು ಜೋಡಿಸುವ ವಿಧಾನವನ್ನು ವರದಿ ಮಾಡಿದರು. ತೂಕವೇನೋ ಇಳಿಯಿತು, ಆದರೆ ಯಕೃತ್ತು ಕೆಟ್ಟಿತು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. ಆ ವಿಧಾನವನ್ನು ಕೈಬಿಡಬೇಕಾಯಿತು. 1960ರ ದಶಕದಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರದ ಬೈಪಾಸ್ ರೂಪಿಸಿದರು. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಉದರದರ್ಶಕದಿಂದ ಮಾಡುವ ಕ್ರಮ 1990ರ ದಶಕದಲ್ಲಿ ಬಂತು. ಜಠರವನ್ನು ಕೊಳವೆಯಷ್ಟು ಸಣ್ಣದಾಗಿಸುವ ಸ್ಲೀವ್ ವಿಧಾನ ಆಮೇಲಿನದು. ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಹುಬ್ಬಳ್ಳಿಯಲ್ಲೂ ಈ ಆಪರೇಷನ್ ನಡೆಯುತ್ತದೆ.

ಈ ಇತಿಹಾಸದಲ್ಲಿ ಮನಸ್ಸಿನ ಮಾತು ತೀರ ತಡವಾಗಿ ಬಂತು. ಶಸ್ತ್ರಚಿಕಿತ್ಸಕರ ಜೊತೆ ಮನೋವೈದ್ಯರೂ ಆಹಾರತಜ್ಞರೂ ಇರುವ ತಂಡವೇ ರೋಗಿಯನ್ನು ನೋಡಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮ್ಮೇಳನ ಹೇಳಿದ್ದು 1991ರಲ್ಲಿ. ಅಲ್ಲಿಯೂ ಒತ್ತು ಬಿದ್ದದ್ದು ಆಪರೇಷನ್‌ಗೆ ಮುಂಚಿನ ಪರೀಕ್ಷೆಯ ಮೇಲೆ. ನಿಜವಾದ ಕಷ್ಟ ಇರುವುದು ಆಮೇಲೆ. ಮೊದಲ ವರ್ಷ ಹೆಚ್ಚಿನವರ ಖಿನ್ನತೆ ಕಡಿಮೆಯಾಗಿ ಉತ್ಸಾಹ ಏರುತ್ತದೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಆ ನೆಮ್ಮದಿ ಒಂದನೆಯ ವರ್ಷದ ನಂತರ ಮೆಲ್ಲಗೆ ಇಳಿಯುತ್ತ ಆರನೆಯ ವರ್ಷದ ಹೊತ್ತಿಗೆ ಒಂದು ಮಟ್ಟದಲ್ಲಿ ನಿಂತಿತು. ಕೆನಡಾದ ಒಂಟಾರಿಯೊದಲ್ಲಿ 8,815 ರೋಗಿಗಳನ್ನು ಆಪರೇಷನ್ನಿನ ಹಿಂದಿನ ಮತ್ತು ಮುಂದಿನ ಮೂರು ಮೂರು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಜೀವಕ್ಕೆ ತಾವೇ ಅಪಾಯ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಮಾಣ ಆಪರೇಷನ್ ನಂತರ ಮೊದಲಿನ ಸುಮಾರು ಒಂದೂವರೆ ಪಟ್ಟಾಗಿತ್ತು. ಅಂಥವರು ಒಟ್ಟಿನಲ್ಲಿ ಕೆಲವರೇ, ಆದರೆ ಕಡೆಗಣಿಸುವಂಥ ಸಂಗತಿಯಲ್ಲ. ಬೈಪಾಸ್ ಆದವರಿಗೆ ಮದ್ಯ ಬೇಗ ರಕ್ತಕ್ಕೆ ಏರುತ್ತದೆ. ಎರಡನೆಯ ವರ್ಷದಿಂದ ಕುಡಿತದ ಚಟ ಹೆಚ್ಚುವುದು ಕಂಡುಬಂದಿದೆ. ಖಿನ್ನತೆಯ ಮಾತ್ರೆಗಳು ಮೈಗೆ ಹತ್ತುವ ರೀತಿಯೂ ಬದಲಾಗುತ್ತದೆ. ವಾಂತಿ ನಿಲ್ಲದೆ ಥಯಾಮಿನ್ ಜೀವಸತ್ವದ ಕೊರತೆಯಾದರೆ ಬುದ್ಧಿಭ್ರಮೆಯೇ ಉಂಟಾಗಬಹುದು. ಅದನ್ನು ಮನೋರೋಗವೆಂದು ತಿಳಿದು ತಡಮಾಡಿದರೆ ಮೆದುಳಿಗೆ ಶಾಶ್ವತ ಹಾನಿ.

ಹಾವೇರಿ ಸೀಮೆಯಲ್ಲಿ ಆಪರೇಷನ್ ನಂತರದ ಈ ಕಷ್ಟಗಳಿಗೆ ಉಣ್ಣುವ ಪದ್ಧತಿಯೂ ಸೇರಿಕೊಳ್ಳುತ್ತದೆ. ಪಂಕ್ತಿಯಲ್ಲಿ ಕೂತವರಿಗೆ ‘ಇನ್ನೊಂದು ಹೋಳಿಗಿ’ ಎಂದು ಬಲವಂತ ಮಾಡುವುದೇ ಇಲ್ಲಿ ಮರ್ಯಾದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವವರಿಗೆ, ಸಿಹಿ ಹೆಚ್ಚಾದರೆ ಬೆವರಿ ತಲೆ ಸುತ್ತುವವರಿಗೆ ಆ ಪ್ರೀತಿ ಭಾರವಾಗುತ್ತದೆ. ತೂಕ ಇಳಿದವರನ್ನು ಕಂಡು ‘ಏನ್ ಬ್ಯಾನಿ ಆಗೇತಿ?’ ಎಂದು ಊರು ಕೇಳುತ್ತದೆ. ಆಪರೇಷನ್ ಆಗಿದೆ ಎನ್ನಲು ನಾಚಿಕೊಂಡವರು ಮದುವೆ, ಜಾತ್ರೆಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಆಸ್ಪತ್ರೆಯ ತಪಾಸಣೆ ತಪ್ಪುವುದೂ ಒಂಟಿತನ ಬಲಿಯುವುದೂ ಒಂದೇ ಕಾಲಕ್ಕೆ.

ಮನೆಯ ಹತ್ತಿರವೇ ಮನೋಚಿಕಿತ್ಸೆ ಸಿಗಬೇಕೆಂಬ ವಿಚಾರಕ್ಕೆ ಕರ್ನಾಟಕದಲ್ಲೇ ಗಟ್ಟಿ ಪರಂಪರೆಯಿದೆ. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೆನ್ನಿಗೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಔಷಧಿ ದೊರೆಯುವಂತೆ ಮಾಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಧಾರವಾಡದ ಹಳೆಯ ಆಸ್ಪತ್ರೆ ಈಗ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿದೆ; ಮೈಯ ರೋಗಕ್ಕೆ ಇರುವಂತೆಯೇ ಮನೋರೋಗಕ್ಕೂ ವಿಮೆ ಇರಬೇಕೆಂದು ವಿಧಿಸಿದೆ. ಬೊಜ್ಜಿನ ಆಪರೇಷನ್ ಆದವರ ಆರೈಕೆಯನ್ನು ಈ ವ್ಯವಸ್ಥೆಗೆ ಜೋಡಿಸಬೇಕು. ಎರಡನೆಯ, ಮೂರನೆಯ ವರ್ಷಗಳಲ್ಲಂತೂ ಬಿಡಲೇಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಗಡಿಯಿಂದಲೂ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.