ಮಧ್ಯಂತರ ಉಪವಾಸ ಮತ್ತು ಕಾಫಿ

ತೂಕ ಇಳಿಸಲೆಂದು ದಿನದ ಕೆಲವೇ ಗಂಟೆಗಳಲ್ಲಿ ಊಟ ತಿಂಡಿ ಮುಗಿಸಿ ಉಳಿದ ಹೊತ್ತು ಹೊಟ್ಟೆಯನ್ನು ಖಾಲಿ ಬಿಡುವ, ಇಲ್ಲವೇ ವಾರದ ಕೆಲವು ದಿನ ತೀರಾ ಕಡಿಮೆ ಉಣ್ಣುವ ಕ್ರಮವೇ ಮಧ್ಯಂತರ ಉಪವಾಸ. ಹೆಚ್ಚು ಬಳಕೆಯಲ್ಲಿರುವುದು 16:8 ಕ್ರಮ: ರಾತ್ರಿ 8ಕ್ಕೆ ಉಂಡವರು ಮರುದಿನ ಮಧ್ಯಾಹ್ನ 12ರವರೆಗೆ ಏನನ್ನೂ ತಿನ್ನುವುದಿಲ್ಲ. ಐದು ದಿನ ಎಂದಿನ ಊಟ, ಎರಡು ದಿನ ಅಲ್ಪಾಹಾರ ಎಂಬ 5:2 ಕ್ರಮಕ್ಕೆ ಹೆಸರು ತಂದುಕೊಟ್ಟವರು ಬ್ರಿಟನ್ನಿನ ಮೈಕೆಲ್ ಮೋಸ್ಲಿ. ಅವರ ಬಿಬಿಸಿ ಸಾಕ್ಷ್ಯಚಿತ್ರ ಬಂದದ್ದು 2012ರಲ್ಲಿ. ನೀರು, ಹಾಲು ಸಕ್ಕರೆಯಿಲ್ಲದ ಚಹಾ ಮತ್ತು ಕಪ್ಪು ಕಾಫಿಗೆ ಉಪವಾಸದ ಹೊತ್ತಿನಲ್ಲೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಕಾಫಿ ಎಂದರೆ ಹಾಲು ಸಕ್ಕರೆ ಸೇರಿದ್ದೇ. ಹಾಗಾಗಿ ಉಪವಾಸ ಮುರಿಯಿತೇ ಇಲ್ಲವೇ ಎಂಬ ಪ್ರಶ್ನೆ ಬೆಳಗಿನ ಮೊದಲ ಲೋಟದಲ್ಲೇ ಏಳುತ್ತದೆ.

ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಮೆಲ್ಲಗೆ ಅದುಮಿ, ಕುದಿನೀರು ಸುರಿದರೆ ಕೆಳಕ್ಕೆ ತೊಟ್ಟಿಕ್ಕುವ ಡಿಕಾಕ್ಷನ್‌ನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಕ್ಯಾಲೊರಿ ಇರುವುದಿಲ್ಲ. 240 ಮಿಲಿ ಲೀಟರ್ ಕಪ್ಪು ಕಾಫಿಯಲ್ಲಿ ಇರುವುದು ಸುಮಾರು 2 ಕ್ಯಾಲೊರಿ. ಅದೇ ಡಿಕಾಕ್ಷನ್‌ಗೆ 100 ಮಿಲಿ ಲೀಟರ್ ಹಸುವಿನ ಹಾಲು ಬೆರೆತರೆ ಸುಮಾರು 65 ಕ್ಯಾಲೊರಿ ಸೇರುತ್ತದೆ; ಎರಡು ಚಮಚ ಸಕ್ಕರೆಯಿಂದ ಇನ್ನೂ 40. ಎದ್ದ ಕೂಡಲೇ ಒಂದು ಲೋಟ, ಪೇಪರ್ ಓದುವಾಗ ಇನ್ನೊಂದು ಎಂದರೆ ಮೂರ್ನಾಲ್ಕು ಸಣ್ಣ ಇಡ್ಲಿಯಷ್ಟು ಶಕ್ತಿ ಒಳಗೆ ಹೋದಂತಾಯಿತು. ಹಾಲಿನ ಲ್ಯಾಕ್ಟೋಸ್ ಮತ್ತು ಸಕ್ಕರೆಗೆ ಇನ್ಸುಲಿನ್ ಸ್ರವಿಸುತ್ತದೆ, ಉಪವಾಸ ಅಲ್ಲಿಗೆ ಮುಗಿಯುತ್ತದೆ. ಕೊಡಗು, ಮಲೆನಾಡಿನ ಬೆಲ್ಲದ ಕಾಫಿಗೆ ಹಾಲು ಬೀಳದಿದ್ದರೂ 10 ಗ್ರಾಂ ಬೆಲ್ಲಕ್ಕೆ ಸುಮಾರು 40 ಕ್ಯಾಲೊರಿ ಬಂದೇ ಬರುತ್ತದೆ. ಅಮೆರಿಕದಿಂದ ಹಬ್ಬಿದ ಬೆಣ್ಣೆ ಕಾಫಿ ಇನ್ಸುಲಿನ್ ಅನ್ನು ಅಷ್ಟಾಗಿ ಏರಿಸುವುದಿಲ್ಲ. ಆದರೆ ದೊಡ್ಡ ಚಮಚ ಬೆಣ್ಣೆಯೊಂದರಲ್ಲೇ ಸುಮಾರು 100 ಕ್ಯಾಲೊರಿ ಇರುವಾಗ ತೂಕ ಇಳಿಸುವವರಿಗೆ ಅದರಿಂದ ಲಾಭವೇನೂ ಇಲ್ಲ.

ಕಾಫಿಯೇ ಕೊಬ್ಬು ಕರಗಿಸುತ್ತದೆ ಎಂಬ ಪ್ರಚಾರದಲ್ಲಿ ಸತ್ಯದ ಅಂಶ ಸಣ್ಣದು. 100 ಮಿಲಿಗ್ರಾಂ ಕೆಫೀನ್ ಸೇವಿಸಿದ ಮುಂದಿನ ಎರಡೂವರೆ ಗಂಟೆ ದೇಹದ ವಿಶ್ರಾಂತ ಚಯಾಪಚಯ ಶೇ. 3–4ರಷ್ಟು ಏರುತ್ತದೆಂದು 1989ರ ಪ್ರಯೋಗವೊಂದು ತೋರಿಸಿತು. ಅಷ್ಟರಿಂದ ಸೊಂಟದ ಸುತ್ತಳತೆ ತಗ್ಗದು. ಹಸಿವು ಸ್ವಲ್ಪ ಹೊತ್ತು ಮುಂದೆ ಹೋಗುತ್ತದೆಂಬುದು ಹಲವರ ಅನುಭವವಾದರೂ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಉಪವಾಸದ ಕಥೆಯೂ ಹೀಗೆಯೇ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 116 ಮಂದಿಯ ಮೇಲೆ 12 ವಾರ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಉಂಡವರು ಸರಾಸರಿ 0.94 ಕಿಲೋ ಇಳಿದರು. ದಿನಕ್ಕೆ ಮೂರು ಹೊತ್ತು ಉಂಡವರು 0.68 ಕಿಲೋ. ಈ ಅಂತರವನ್ನು ಉಪವಾಸದ ಫಲವೆಂದು ಹೇಳಲಾಗದು. ದಿನವಿಡೀ ಒಳಹೋಗುವ ಒಟ್ಟು ಆಹಾರ ಕಡಿಮೆಯಾದರೆ ತೂಕ ಇಳಿಯುತ್ತದೆ; ಕಪ್ಪು ಕಾಫಿಯ ಉಪಕಾರವೆಂದರೆ ಬೆಳಗಿನ ಆ ಕಠಿಣ ಗಂಟೆಗಳನ್ನು ದಾಟಿಸುವುದು. ಜೀವಕೋಶಗಳು ತಮ್ಮೊಳಗಿನ ಹಳೆಯ ಭಾಗಗಳನ್ನು ತಾವೇ ಅರಗಿಸಿಕೊಳ್ಳುವ ಆಟೋಫ್ಯಾಜಿಯ (ಇದರ ಸಂಶೋಧನೆಗೆ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರ ನೊಬೆಲ್ ಸಂದಿದೆ) ವೇಗವನ್ನು ಕಾಫಿ ಹೆಚ್ಚಿಸುತ್ತದೆಂದು 2014ರಲ್ಲಿ ಕಂಡದ್ದು ಇಲಿಗಳಲ್ಲಿ.

ಉಪವಾಸ ಹಿಡಿದ ಮೊದಲ ದಿನಗಳ ತಲೆನೋವನ್ನು ಎಲ್ಲರೂ ಹಸಿವಿನ ಲೆಕ್ಕಕ್ಕೆ ಬರೆಯುತ್ತಾರೆ. ಎಷ್ಟೋ ಸಲ ಅದು ಕಾಫಿ ತಪ್ಪಿದ ತಲೆನೋವು. ನಿದ್ದೆ ತರಿಸುವ ಅಡಿನೋಸಿನ್ ಮಿದುಳಿನಲ್ಲಿ ನೆಲೆಯೂರುವ ಜಾಗಗಳನ್ನು ಕೆಫೀನ್ ಆಕ್ರಮಿಸಿಕೊಳ್ಳುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ದಿನವೂ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯತೊಡಗುತ್ತದೆ, ಸುಸ್ತು ಸಿಡುಕು ಜೊತೆಗೂಡುತ್ತವೆ. ಹಗಲೆಲ್ಲ ನೀರನ್ನೂ ಮುಟ್ಟದ ರಂಜಾನ್‌ನ ಆರಂಭದ ದಿನಗಳಲ್ಲಿ, ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದಲ್ಲಿ ಬರುವ ತಲೆನೋವನ್ನು ವೈದ್ಯರು ಅಧ್ಯಯನ ಮಾಡಿದ್ದಾರೆ. ರಂಜಾನ್‌ನ ತಲೆನೋವಿಗೆ ಕೆಫೀನ್ ತಪ್ಪುವುದು ಒಂದು ಕಾರಣವೆಂದು ಗುರುತಿಸಿದ್ದಾರೆ. ಆದ್ದರಿಂದ ಹಾಲು ಕಾಫಿಯನ್ನು ಒಂದೇ ದಿನ ಬಿಡುವ ಬದಲು ಮೊದಲು ಸಕ್ಕರೆ, ಆಮೇಲೆ ಹಾಲು ತಗ್ಗಿಸಿ ತೆಳು ಡಿಕಾಕ್ಷನ್‌ಗೆ ಬರುವುದು ಒಳ್ಳೆಯ ದಾರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ 150 ಮಿಲಿ ಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80–120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50–65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನದ ಮಿತಿ 300 ಮಿಲಿಗ್ರಾಂ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಬೆರೆಸಲು ಕಾನೂನಿನ ಅನುಮತಿಯಿರುವುದರಿಂದ ಪೊಟ್ಟಣದ ಮೇಲಿನ ಪ್ರಮಾಣವನ್ನು ನೋಡಿಯೇ ಲೆಕ್ಕ ಹಾಕಬೇಕು. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ ಬೇಡವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಕಾಫಿ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸರಿಯಾಗಿ ದಕ್ಕಗೊಡುವುದಿಲ್ಲ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮಲ್ಲಿ ಇದು ಮುಖ್ಯ ಮಾತು. ಊಟದಿಂದ ದೂರವಿರುವ ಬೆಳಗಿನ ಕಪ್ಪು ಕಾಫಿ ಈ ದೃಷ್ಟಿಯಿಂದ ಊಟದ ಬೆನ್ನಿಗೇ ಕುಡಿಯುವ ಕಾಫಿಗಿಂತ ಮೇಲು.

ಖಾಲಿ ಹೊಟ್ಟೆಯ ಕಾಫಿ ಎಲ್ಲರಿಗೂ ಒಗ್ಗುವುದಿಲ್ಲ. ಅದು ಜಠರಾಮ್ಲವನ್ನು ಹೆಚ್ಚಿಸುತ್ತದೆ; ಹುಳಿತೇಗು, ಎದೆಯುರಿ, ಹೊಟ್ಟೆಹುಣ್ಣು ಇರುವವರು ಬಿಡುವುದೇ ಲೇಸು. ಕುಡಿದ ಕೆಫೀನ್‌ನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆಯ ಲೋಟ ನಿದ್ದೆ ಕೆಡಿಸಿದರೆ ಮರುದಿನದ ಹಸಿವೂ ಹೆಚ್ಚಿ ಉಪವಾಸ ಹಿಡಿತ ತಪ್ಪುತ್ತದೆ. ಗರ್ಭಿಣಿಯರು ತೂಕ ಇಳಿಸುವ ಉಪವಾಸ ಮಾಡಲೇಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳ ಅಪಾಯ ಬೇರೆಯೇ ಬಗೆಯದು: ಕೈನಡುಕ, ಎದೆಬಡಿತ, ಬೆವರು ಹೆಚ್ಚು ಕಾಫಿಯಿಂದಲೂ ಬರಬಹುದು, ರಕ್ತದ ಸಕ್ಕರೆ ಕುಸಿದಾಗಲೂ ಬರುತ್ತವೆ. ಕಾಫಿ ಹೆಚ್ಚಾಯಿತೆಂದು ಸುಮ್ಮನೆ ಕೂರದೆ ಗ್ಲುಕೋಮೀಟರ್‌ನಲ್ಲಿ ಪರೀಕ್ಷಿಸಿಕೊಳ್ಳಬೇಕು, ವೈದ್ಯರನ್ನು ಕೇಳದೆ ಉಪವಾಸ ಆರಂಭಿಸಬಾರದು. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಹೋಗುವ ಬೆಳಿಗ್ಗೆ ಕಪ್ಪು ಕಾಫಿಯೂ ಸಲ್ಲದು, ನೀರು ಮಾತ್ರ ಕುಡಿಯಬಹುದು.