ಕೊಡಿಗೇಹಳ್ಳಿ ಸೀಮೆಯ ಕಲ್ಲುಗಳು ಮತ್ತು ಕಥೆಯ ಕಾರ್ಯಕಾರಣ

ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳ ಮತ್ತು ಯಲಹಂಕಗಳ ನಡುವಿನ ಕೊಡಿಗೇಹಳ್ಳಿಯ ಹೆಸರಿನಲ್ಲಿ ಉಳಿದುಬಂದಿರುವ ‘ಕೊಡಿಗೆ’ಯು ಶಾಸನಗಳಲ್ಲಿ ಬರುವ ‘ಕೊಡಗೆ’ಯೇ ಆಗಿದ್ದು, ಸೇವೆಗೆ ಪ್ರತಿಯಾಗಿ ತೆರಿಗೆಯ ರಿಯಾಯಿತಿಯೊಡನೆ ಬಿಟ್ಟುಕೊಟ್ಟ ಭೂಮಿ ಎಂಬ ಅರ್ಥವನ್ನು ಕೊಡುತ್ತದೆ. ಕೆರೆಯನ್ನು ಕಟ್ಟಿಸಿ ಕಾಪಾಡಿದವರಿಗೆ ಸಲ್ಲುತ್ತಿದ್ದದ್ದು ಕಟ್ಟುಗೊಡಗೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಸಲ್ಲುತ್ತಿದ್ದದ್ದು ನೆತ್ತರುಗೊಡಗೆ. ಯಾರೋ ಏನನ್ನೋ ಮಾಡಿದ್ದರಿಂದ ನೆಲ ದೊರೆಯಿತು, ನೆಲ ದೊರೆತದ್ದರಿಂದ ಊರು ನಿಂತಿತು ಎಂಬ ಸರಣಿ ಈ ಒಂದೇ ಪದದೊಳಗಿದೆ. ಬಿಡಿ ಘಟನೆಗಳನ್ನು ಕಥೆಯಾಗಿ ಹೆಣೆಯುವುದು ‘ಆಮೇಲೆ’ ಎಂಬ ಮಾತಿಗಿಂತ ಹೆಚ್ಚಾಗಿ ಈ ‘ಆದ್ದರಿಂದ’ ಎಂಬ ಕೊಂಡಿಯೇ ಆದುದರಿಂದ, ಸ್ಥಳೀಯ ಚರಿತ್ರೆಯನ್ನು ಬರೆಯುವವರ ಮುಖ್ಯ ಹೊಣೆಯೂ ಆ ಕೊಂಡಿಯನ್ನು ಸಾಕ್ಷ್ಯದಲ್ಲಿ ಹುಡುಕುವುದೇ ಆಗಿದೆ.

ಕೆಲವು ಕಲ್ಲುಗಳು ಕೊಂಡಿಯನ್ನು ತಾವೇ ಒದಗಿಸುತ್ತವೆ. ಬೇಗೂರಿನಿಂದ ತಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ, ಕಾಳಗದ ದೃಶ್ಯವನ್ನು ಕಿಕ್ಕಿರಿದಂತೆ ಕೆತ್ತಿರುವ ಗಂಗರ ಕಾಲದ ವೀರಗಲ್ಲಿನ ಪ್ರಕಾರ, ಬೀರಮಹೇಂದ್ರನೊಡನೆ ಹೋರಾಡುತ್ತಿದ್ದ ಅಯ್ಯಪದೇವನ ನೆರವಿಗೆ ಗಂಗ ಅರಸ ಎರೆಯಪನ ಕಡೆಯಿಂದ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ಮಡಿದನು. ಅದನ್ನು ಕೇಳಿದ ಎರೆಯಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರಿಗೆ ಸೇರಿದ ಹನ್ನೆರಡು ಊರುಗಳನ್ನು, ಕಲ್ನಾಡಾಗಿ ಕೊಟ್ಟನು. ಕಲ್ನಾಡೆಂದರೆ ವೀರನ ಮರಣಕ್ಕಾಗಿ ಬಿಟ್ಟ ಭೂಮಿ. ಕರೆ, ಕಾಳಗ, ಸಾವು, ಸಾವಿನ ಸುದ್ದಿ, ದತ್ತಿ ಇವು ಒಂದರಿಂದೊಂದು ಹುಟ್ಟುವಂತೆ ಬರೆಸಿದ ಆ ಹೆಸರಿಲ್ಲದ ಶಾಸನಕವಿಯನ್ನು ಕನ್ನಡದ ಸಮರ್ಥ ಕಥನಕಾರರ ಸಾಲಿನಲ್ಲಿ ಎಣಿಸುವುದು ನ್ಯಾಯವಾಗಿದೆ.

ಕೊಡಿಗೇಹಳ್ಳಿಗೆ ತೀರ ಹತ್ತಿರದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಇಷ್ಟು ಧಾರಾಳವಾಗಿ ಮಾತನಾಡುವುದಿಲ್ಲ. ಗಂಗರ ಶ್ರೀಪುರುಷನು ಆಳುತ್ತಿದ್ದಾಗ, ಪೆರ್ಬೊಳಲ್ನಾಡು ಮೂವತ್ತರಲ್ಲಿ, ರಟ್ಟವಾಡಿಯವರ ದಾಳಿಗೆ ಎದುರಾದ ಕಿಟ್ಟಯ್ಯನು ಹೋರಾಡಿ ಇಂದ್ರಲೋಕವನ್ನು ಸೇರಿದನೆಂಬುದು ಅದರ ಸಾರ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ. ಪಕಾರವು ಹಕಾರವಾಗಿ ಸವೆದು ಅದೇ ಹೆಬ್ಬಾಳವಾಯಿತು. ಕಲ್ಲಿನಲ್ಲಿ ವರ್ಷದ ಉಲ್ಲೇಖವಿಲ್ಲದಿರುವುದರಿಂದ, ಲಿಪಿಯ ಸ್ವರೂಪ ಮತ್ತು ಅರಸನ ಹೆಸರುಗಳ ಆಧಾರದ ಮೇಲೆ ಅದನ್ನು ಸುಮಾರು 750ಕ್ಕೆ ಸೇರಿಸಲಾಗಿದೆ. ಇತ್ತ, ರಾಷ್ಟ್ರಕೂಟ ಒಂದನೆಯ ಕೃಷ್ಣನು ಗಂಗವಾಡಿಗೆ ದಂಡೆತ್ತಿ ಬಂದು ಮನ್ನೆಯಲ್ಲಿ ಬೀಡುಬಿಟ್ಟಿದ್ದನೆಂದು 768ರ ತಳೇಗಾಂವ್ ತಾಮ್ರಶಾಸನ ತಿಳಿಸುತ್ತದೆ. ಆ ಮನ್ನೆ ಇರುವುದು ಇಂದಿನ ನೆಲಮಂಗಲ ತಾಲ್ಲೂಕಿನಲ್ಲಿ. ರಟ್ಟವಾಡಿ ಎಂಬುದು ರಾಷ್ಟ್ರಕೂಟರ ನಾಡಿನ ಹೆಸರೆಂದು ಹಿಡಿದರೆ, ಕೃಷ್ಣನ ದಂಡಯಾತ್ರೆಯೇ ಕಿಟ್ಟಯ್ಯನ ಸಾವಿಗೆ ಕಾರಣವೆನ್ನಲು ಮನಸ್ಸು ಹಾತೊರೆಯುತ್ತದೆ; ಅಷ್ಟೊಂದು ಹದವಾಗಿ ಎರಡು ಅಂಚುಗಳೂ ಕೂಡುತ್ತವೆ. ಆದರೆ ಶ್ರೀಪುರುಷನ ಆಳ್ವಿಕೆ ಸುಮಾರು ಅರವತ್ತು ವರ್ಷ ನಡೆದುದರಿಂದ ಆ ಕಾಳಗವು ಕೃಷ್ಣನ ಬರವಿಗೆ ಮೊದಲೇ ನಡೆದ ಗಡಿಯ ದಾಳಿಯೂ ಆಗಿರಬಹುದು. ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಇಂಥ ದಾಳಿಗಳ ಕಾಲವೊಂದಿತ್ತೆಂದು ಹೇಳುವುದಕ್ಕೆ ಮಾತ್ರ ಸಾಕ್ಷ್ಯ ಒಪ್ಪಿಗೆ ಕೊಡುತ್ತದೆ.

ಐತಿಹ್ಯಕ್ಕೆ ಇಂಥ ಸಂಯಮ ಬೇಕಿಲ್ಲ. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟದ್ದರಿಂದ ಬೆಂದಕಾಳೂರು ಬೆಂಗಳೂರಾಯಿತೆಂಬ ಕಥೆಯಲ್ಲಿ ಹಸಿವು, ಉಪಕಾರ, ಕೃತಜ್ಞತೆಗಳು ಬಿರುಕಿಲ್ಲದೆ ಸೇರಿಕೊಂಡಿವೆ. ಆದರೆ ಬೇಗೂರಿನ ಇನ್ನೊಂದು ಕಲ್ಲು, ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ.

1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ ಮೇಲೆ, ಚದುರಿದ್ದ ಇಂಥ ತುಣುಕುಗಳನ್ನು ಒಂದರ ಪಕ್ಕ ಒಂದಿಟ್ಟು ಓದುವುದು ಸಾಧ್ಯವಾಯಿತು. ಹಾಗೆ ಓದುವಾಗ ಕೊಡಿಗೇಹಳ್ಳಿ ಎಂಬ ಹೆಸರನ್ನೂ ಒಂದು ಕಿರುಶಾಸನವೆಂದೇ ಎಣಿಸಬೇಕಾಗುತ್ತದೆ. ಕೊಟ್ಟವನ ಹೆಸರೂ ಪಡೆದವನ ಹೆಸರೂ ಸವೆದುಹೋಗಿ, ‘ಕೊಡು’ ಎಂಬ ಕ್ರಿಯೆಯೊಂದೇ ಅದರಲ್ಲಿ ಅಳಿಯದೆ ಉಳಿದಿದೆ.